ನಾನು ಹೇಳಲಾರದ ವಿಳಾಸ

ತೆರೆಂಬುಲಾಕ್ ನಿಲ್ದಾಣ,
21 ಸೆಪ್ಟೆಂಬರ್ 2003, ಭಾನುವಾರ ಮಧ್ಯಾಹ್ನ

ನನ್ನ ಪ್ರೀತಿಯ ದೌರೆನ್,

ನೀನು ಅಪ್ಪನಾಗುತ್ತಿದ್ದೀಯ, ಮತ್ತು ಈ ಸುದ್ದಿ ತಿಳಿದವರ ಪೈಕಿ ಇಡೀ ಕಜಕಸ್ತಾನದಲ್ಲಿ ನೀನೇ ಕಟ್ಟಕಡೆಯವನು! ಹೌದು, ಸರಿಯಾಗಿಯೇ ಓದಿದ್ದೀಯ. ಬೇಕಾದರೆ ಇನ್ನೊಮ್ಮೆ ಓದು, ನಾನು ಕಾಯುತ್ತೇನೆ. ನಿನ್ನ ಅಮ್ಮನಿಗೆ ಗೊತ್ತು, ಅಂಚೆ ಕಚೇರಿಯ ಕುಲ್ಯಾಶ್‌ಗೆ ಗೊತ್ತು, ನಿಲ್ದಾಣದಲ್ಲಿ ಒಣಮೀನು ಮಾರುವ ಹೆಂಗಸರಿಗೆಲ್ಲ ಗೊತ್ತು, ಅಷ್ಟು ದೂರದ ಅತೀರಾವ್ ಊರಿನಲ್ಲಿ ನಿನ್ನ ಮೇಲಧಿಕಾರಿಗೂ ಅವರ ಹೆಂಡತಿಗೂ ನಿನಗಿಂತ ಮೊದಲೇ ಗೊತ್ತು. ನಿನ್ನ ಆರೋಗ್ಯ ಹೇಗಿದೆ? ಕೆಮ್ಮು ಹೋಯಿತೇ? ಒಂಟೆ ಉಣ್ಣೆಯ ಕಾಲುಚೀಲ ಹಾಕಿಕೊಳ್ಳುತ್ತಿದ್ದೀಯೋ ಅಥವಾ ಜೊತೆಯ ಹುಡುಗರು ನಗುತ್ತಾರೆಂದು ಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟಿದ್ದೀಯೋ? ಅದನ್ನು ಹೆಣೆದದ್ದು ನಾನು, ಒಂದರ ಹಿಮ್ಮಡಿ ಸೊಟ್ಟಗಿದೆ ನಿಜ, ಆದರೂ ಹಾಕಿಕೋ. ನಾನು ಚೆನ್ನಾಗಿದ್ದೇನೆ. ಬೆಳಿಗ್ಗೆ ಕುರಿಕೊಬ್ಬಿನ ವಾಸನೆಗೆ ಹೊಟ್ಟೆ ತೊಳೆಸುತ್ತದೆ, ಸಂಜೆಯಾದರೆ ಅರ್ಧ ಕಲ್ಲಂಗಡಿ ಒಬ್ಬಳೇ ಮುಗಿಸುತ್ತೇನೆ. ಉಳಿದಂತೆ ನನ್ನ ಮೈಯಲ್ಲಿ ಇರುವುದೆಲ್ಲ ಸಿಟ್ಟು. ತಲೆಯಿಂದ ಕಾಲಿನವರೆಗೆ, ನಿನ್ನ ಮಗುವಿನ ಸುತ್ತಲೂ, ಬರೀ ಸಿಟ್ಟು.

ಇದು ಉದ್ದವಾದ ಪತ್ರ. ಕೈಯಿಂದ ಬರೆದದ್ದು, ಲಕೋಟೆಯೊಳಗೆ ಇಟ್ಟು, ನಾನೇ ನಾಲಿಗೆಯಿಂದ ಅಂಟಿಸಿ, ಮೇಲೆ ಅಂಚೆಚೀಟಿ ಹಚ್ಚಿದ್ದು. ಕೂತುಕೊಂಡು ಓದು. ಚಹಾ ಮಾಡಿಕೋ. ಓದಿ ಮುಗಿಸಿದ ಮೇಲೆ "ಓಕೆ" ಎಂದು ಮಾತ್ರ ಉತ್ತರ ಕೊಡಬೇಡ, ಕೊಟ್ಟರೆ ನಾನು ನಿಜವಾಗಿಯೂ ಅಲ್ಮಾಟಿಗೆ, ನನ್ನ ಅಮ್ಮನ ಮನೆಗೆ ಹೊರಟುಬಿಡುತ್ತೇನೆ. ಮದುವೆಯಾಗಿ ಮೂರೇ ವಾರಕ್ಕೆ ನೀನು ಇಲ್ಲಿಂದ ರೈಲು ಹತ್ತಿದಾಗ ಏನು ಹೇಳಿದ್ದೆ ನೆನಪಿದೆಯೇ? ನಾನು ಅಳುತ್ತಾ ನಿನಗೆ ದಿನಕ್ಕೊಂದು ಕಾಗದ ಬರೆಯುತ್ತೇನೆ ಎಂದರೆ, ನೀನು ಬಾಗಿಲಿಗೆ ಜೋತುಬಿದ್ದು ನಕ್ಕೆ: "ಕಾಗದ ಎಲ್ಲಾ ನಮ್ಮ ಅಜ್ಜಂದಿರ ಕಾಲಕ್ಕೆ ಮುಗೀತು ಕಣೇ! ಮೇಲ್ ಮಾಡು, ಕಣ್ಣು ಮುಚ್ಚಿ ತೆರೆಯೋದ್ರೊಳಗೆ ನನ್ನ ಹತ್ತಿರ ಇರುತ್ತೆ!" ನಾನು ಒಪ್ಪಿದೆ. ಇಂಗ್ಲಿಷ್ ಶಾಲೆಯಲ್ಲಿ ಓದಿದ ಹುಡುಗಿ ಲಕೋಟೆಗೆ ಅಂಟಿಕೊಂಡರೆ ಚೆನ್ನಾಗಿರುವುದಿಲ್ಲ ಎಂದು ಒಪ್ಪಿದೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೋಯಿತು, ನಿಜ. ಎಲ್ಲಿಗೆ ಹೋಯಿತು ಎಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ನಿನ್ನ ಇ-ಮೇಲ್ ನಮ್ಮೂರಲ್ಲಿ ಹೇಗೆ ಮನೆ ಸೇರುತ್ತದೆ ಎಂದು ಕೇಳು. ಎಣ್ಣೆಬಾವಿಯ ಕ್ಯಾಂಪಿನಲ್ಲಿ ನೀವು ಸರದಿಯಲ್ಲಿ ಕೂತು ಟಕಟಕ ಒತ್ತಿ ಎದ್ದು ಹೋಗುತ್ತೀರಿ. ಇಲ್ಲಿ ಇಡೀ ಊರಿಗೆ ಇರುವುದು ಒಂದೇ ಯಂತ್ರ, ಅದು ಅಂಚೆ ಕಚೇರಿಯ ಗಾಜಿನ ಹಿಂದೆ, ಅದರ ಮೇಲೆ ಗ್ರಾಹಕರು ಮುಟ್ಟಬಾರದು ಎಂಬ ಫಲಕ. ಅಲ್ಮಾಟಿಯಲ್ಲಿ ಹತ್ತೂ ಬೆರಳಿನಿಂದ ಟೈಪ್ ಮಾಡುತ್ತಿದ್ದ ನಾನು ಇಲ್ಲಿ ಚೀಟಿಯಲ್ಲಿ ಬರೆದು ಗಾಜಿನ ಕಿಂಡಿಯಿಂದ ಒಳಗೆ ತೂರಿಸಬೇಕು. ಕುಲ್ಯಾಶ್ ಅದನ್ನು ಒಂದು ಬೆರಳಿನಿಂದ, ಕೋಳಿ ಕಾಳು ಹೆಕ್ಕುವಂತೆ, ಕುಟ್ಟುತ್ತಾಳೆ. ನಿನ್ನಿಂದ ಏನಾದರೂ ಬಂದರೆ ಮುದ್ರಿಸಿ ಇಡುತ್ತಾಳೆ, ಇಡುವ ಮುಂಚೆ ಓದುತ್ತಾಳೆ, ಓದಿದ ಮೇಲೆ ನಾನು ಬೀದಿಯಲ್ಲಿ ಬರುತ್ತಿದ್ದಂತೆಯೇ ಕಿಟಕಿಯಿಂದ ಕೂಗುತ್ತಾಳೆ: "ಮೊಲ್ದಿರ್, ಓಡಿ ಬಾ! ಈ ಸಲ ಎರಡು ಮುತ್ತು ಕಳಿಸಿದ್ದಾನೆ, ಹೋದ ವಾರಕ್ಕಿಂತ ಒಂದು ಜಾಸ್ತಿ!" ಮೀನು ಮಾರುವವರೆಲ್ಲ ತಿರುಗಿ ನೋಡುತ್ತಾರೆ. ನಾನು ಕೈಗೆ ಬಂದ ಹಾಳೆ ತಿರುಗಿಸಿದರೆ ನಿನ್ನ ಮುತ್ತಿನ ಹಿಂಬದಿಯಲ್ಲಿ ಯಾರದೋ ಹಳೆಯ ಪಾರ್ಸೆಲ್ ರಸೀದಿ. ಹೇಳು, ಇದು ಗಂಡ ಹೆಂಡತಿಗೆ ಬರೆಯುವ ರೀತಿಯೇ, ನಿಲ್ದಾಣದ ಧ್ವನಿವರ್ಧಕವೇ?

ಮದುವೆಗೆ ಮುಂಚೆ ನೀನು ಕಾಗದ ಬರೆಯುತ್ತಿದ್ದೆ. ಏಳು ಬಂದಿವೆ, ಏಳೂ ನನ್ನ ಹತ್ತಿರ ಇವೆ. ಒಂದರ ಮೂಲೆಯಲ್ಲಿ ನಿನ್ನ ಹೆಬ್ಬೆರಳಿನ ಎಣ್ಣೆಗುರುತು. ಇನ್ನೊಂದರಲ್ಲಿ ನೀನು ಏನೋ ಬರೆದು, ಎಷ್ಟು ಗಟ್ಟಿಯಾಗಿ ಹೊಡೆದುಹಾಕಿದ್ದೀಯೆಂದರೆ ಕಾಗದ ತೂತಾಗಿದೆ. ಆ ತೂತನ್ನು ನಾನು ದೀಪಕ್ಕೆ ಹಿಡಿದು ಎಷ್ಟು ಹೊತ್ತು ನೋಡಿದ್ದೇನೆ ಗೊತ್ತೇ? ಒಳಗೆ ಏನಿತ್ತು ಎಂದು ಇವತ್ತಿಗೂ ತಿಳಿಯದು, ಆದರೆ ಹೇಳಲು ಹೋಗಿ ನಾಚಿಕೊಂಡವನು ಒಬ್ಬ ಅಲ್ಲಿದ್ದಾನೆ ಎಂದು ತಿಳಿಯುತ್ತದೆ. ಇ-ಮೇಲಿನಲ್ಲಿ ನೀನು ಹೊಡೆದುಹಾಕಿದ್ದು ಎಲ್ಲಿಗೆ ಹೋಗುತ್ತದೆ? ಎಲ್ಲಿಗೂ ಇಲ್ಲ. ಅಲ್ಲಿ ನೀನು ಎಂದೂ ತಡವರಿಸುವುದೇ ಇಲ್ಲ. "ಊಟ ಚೆನ್ನಾಗಿದೆ. ಗಾಳಿ ಜಾಸ್ತಿ. ಓಕೆ. ಮುತ್ತು." ಇದೇ ನಾಲ್ಕು ಮಾತನ್ನು ಗೋಧಿ ಬೆಲೆ ಕೇಳಿದ ವ್ಯಾಪಾರಿಗೂ ಕಳಿಸಬಹುದು, ಮುತ್ತೊಂದು ಬಿಟ್ಟು.

ಈಗ ಕೇಳು ಏನಾಯಿತೆಂದು. ಆಗಸ್ಟ್ ಕೊನೆಯಲ್ಲಿ ನನಗೆ ಖಾತ್ರಿಯಾಯಿತು. ನಾನು ಯಾರಿಗೂ ಹೇಳಲಿಲ್ಲ. ನಿನ್ನ ಅಮ್ಮ ನನ್ನ ಮುಖ ನೋಡಿ ನೋಡಿ, "ಏನೇ ಹುಡುಗಿ, ಇವತ್ತು ಬೌರ್ಸಾಕ್ ಕರಿಯೋ ವಾಸನೆಗೆ ಅಂಗಳಕ್ಕೆ ಓಡಿದೆ?" ಎಂದು ಕೇಳಿದರೂ, "ಅಪಾ, ನನಗೆ ಬಿಸಿಲು ಜಾಸ್ತಿಯಾಯ್ತು" ಎಂದೆ. ಮೊದಲು ನಿನಗೇ ತಿಳಿಯಬೇಕೆಂದು ನನ್ನ ಹಟ. ಆದರೆ ಚೀಟಿ ಕುಲ್ಯಾಶ್ ಕೈಗೆ ಕೊಟ್ಟರೆ ಮೊದಲು ತಿಳಿಯುವವಳು ಅವಳೇ! ಕಣ್ಣು ಮುಚ್ಚಿಕೊಂಡು ಟೈಪ್ ಮಾಡು ಎಂದು ಬೇಡಿದರೆ, "ನಾನೇನು ಪಿಯಾನೊ ನುಡಿಸೋಳಾ?" ಎಂದಳು. ಹಾಗಾಗಿ ನಾನು ಬುದ್ಧಿವಂತಿಕೆ ಮಾಡಿದೆ. ಇಂಗ್ಲಿಷಿನಲ್ಲಿ ಬರೆದೆ. ಕುಲ್ಯಾಶ್‌ಗೆ ಅಕ್ಷರ ಗೊತ್ತು, ಭಾಷೆ ಗೊತ್ತಿಲ್ಲ. ಒಂದೊಂದೇ ಅಕ್ಷರ ನೋಡಿ ಕುಟ್ಟಿದಳು, ಬೆವರು ಒರೆಸಿಕೊಂಡಳು, "ಇದೇನೇ ಇಷ್ಟುದ್ದ, ಅಲ್ಲಿ ಬಾವಿ ತೋಡೋ ವಿಧಾನ ಹೇಳಿಕೊಡ್ತಿದ್ದೀಯಾ?" ಎಂದು ಕೇಳಿದಳು. ಒಳಗೆ ಇದ್ದದ್ದು ಇಷ್ಟು: ನನ್ನ ಜೀವವೇ, ನಿನ್ನ ಮಗು ನನ್ನ ಹೊಟ್ಟೆಯಲ್ಲಿದೆ, ಇನ್ನೂ ಯಾರಿಗೂ ಹೇಳಿಲ್ಲ, ಇಲ್ಲಿ ನನಗೆ ನೀನಿಲ್ಲದೆ ಆಗುತ್ತಿಲ್ಲ, ಯಾವಾಗ ಬರುತ್ತೀಯ, ನಿನ್ನ ಒಂಟೆಮರಿ. ನೀನು ಮುದ್ದಿಗೆ ಕರೆಯುವ ಹೆಸರನ್ನೇ ಹಾಕಿದೆ, ಬೇರೆ ಸಹಿ ಇಲ್ಲ. ಗಂಡನಿಗೆ ಬರೆಯುವಾಗ ಪೂರ್ತಿ ಹೆಸರು, ತಂದೆಯ ಹೆಸರು, ಮನೆಯ ನಂಬರು ಎಲ್ಲ ಹಾಕುತ್ತಾರೆಯೇ?

ಆಮೇಲೆ ವಿಳಾಸ. ಅಯ್ಯೋ, ಆ ವಿಳಾಸ! ಹಿಂದಿನ ಯಂತ್ರದಲ್ಲಿ ಕುಲ್ಯಾಶ್ ನಿನ್ನ ಮೇಲ್ ತೆರೆದು ಉತ್ತರ ಎನ್ನುವ ಗುಂಡಿ ಒತ್ತಿದರೆ ಸಾಕಾಗುತ್ತಿತ್ತು. ಅದು ಕೆಟ್ಟು ಹೊಸದು ಬಂದಿತ್ತು, ಹಳೆಯದೆಲ್ಲ ಅಳಿಸಿಹೋಗಿತ್ತು, ವಿಳಾಸ ಹೊಸದಾಗಿ ಹೇಳಬೇಕಿತ್ತು. ನಿಮ್ಮ ಕಂಪನಿಯಲ್ಲಿ ಎಲ್ಲರ ವಿಳಾಸವೂ ಒಂದೇ ರೀತಿ: ಹೆಸರಿನ ಮೊದಲ ಅಕ್ಷರ, ಆಮೇಲೆ ಮನೆತನದ ಹೆಸರು. ನಿನ್ನ ಮನೆತನದ ಹೆಸರು ಎಂದರೆ ನಿನ್ನ ಅಜ್ಜನ ಹೆಸರು. ಅದನ್ನು ನಾನು ಹೇಗೆ ಹೇಳಲಿ? ಈ ಮನೆಯ ಸೊಸೆ ಹಿರಿಯರ ಹೆಸರನ್ನು ಬಾಯಿಂದ ಆಡುವುದಿಲ್ಲ, ಕೈಯಿಂದ ಬರೆಯುವುದಿಲ್ಲ. ಹೊಸ್ತಿಲು ದಾಟಿದ ದಿನ ನಿನ್ನ ಅಮ್ಮ ಹೇಳಿಕೊಟ್ಟದ್ದು. ಮೊದಲು ನನಗೆ ನಗು ಬಂದಿತ್ತು, ಅಲ್ಮಾಟಿಯಲ್ಲಿ ಇದನ್ನೆಲ್ಲ ಬಿಟ್ಟು ಎಷ್ಟೋ ಕಾಲವಾಯಿತು. ಆದರೆ ನಿನ್ನ ಅಜ್ಜ, ನಮ್ಮ ಅತಾ, ನನ್ನನ್ನು ಕಂಡಾಗಲೆಲ್ಲ ಟೊಪ್ಪಿ ಸರಿಮಾಡಿಕೊಂಡು, "ಬಂದ್ಯಾ ನನ್ನ ಬೆಳಕೇ" ಎನ್ನುವ ಆ ರೀತಿ ನೋಡಿ, ಈಗ ಯಾರಾದರೂ ಚಿನ್ನ ಕೊಡುತ್ತೇನೆಂದರೂ ಆ ಹೆಸರು ನನ್ನ ಬಾಯಲ್ಲಿ ಬಾರದು. ಆ ಹೆಸರಿನ ಮೊದಲರ್ಧ ಒಂದು ಲೋಹ ಎಂದು ನಿನಗೆ ಗೊತ್ತು. ಅದಕ್ಕೇ ಈ ಮನೆಯ ಸೊಸೆಯರೆಲ್ಲ ಅದರ ಬದಲು ಉಕ್ಕಿನ ಹೆಸರು ಹಿಡಿದು ಬೊಲಾತ್ ಎನ್ನುತ್ತಾರೆ. ಅತಾ ನಮಗೆಲ್ಲ ಬೊಲಾತ್ ಅತಾ. ಮನೆತನ ಬೊಲಾತ್‌ಖಾನೊವ್. ನಿನ್ನ ಅಮ್ಮ ಮೂವತ್ತು ವರ್ಷದಿಂದ ಹಾಗೆಯೇ ಎನ್ನುತ್ತಾ ಬಂದಿದ್ದಾರೆ.

ಆ ದಿನ ನಿನ್ನ ಅಮ್ಮ ನನ್ನ ಪಕ್ಕದಲ್ಲೇ ನಿಂತಿದ್ದರು. ಅತಾ ದಿನದಂತೆ ಪತ್ರಿಕೆಗೆ ಬಂದು ಬೆಂಚಿನ ಮೇಲೆ ಕೂತಿದ್ದರು. ಅವರಿಗೆ ಕಿವಿ ಮಂದ ಎನ್ನುತ್ತೀಯ, ಆದರೆ ಅವರ ಹೆಸರು ಮಾತ್ರ ಅವರಿಗೆ ಮೂರು ಮನೆಯಾಚೆಯಿಂದಲೂ ಕೇಳಿಸುತ್ತದೆ. ನಾನು ಗಾಜಿಗೆ ಬಾಯಿಟ್ಟು, "ಮೊದಲು ದೌರೆನ್‌ದು ಡಿ, ಆಮೇಲೆ ನಮ್ಮ ಮನೇದು… ಅದೇ" ಎಂದೆ. ಕುಲ್ಯಾಶ್, "ಅಷ್ಟೂ ಗೊತ್ತಾಗಲ್ವಾ ನನಗೆ, ನಾನೂ ಆ ಮನೆ ಸೊಸೆನೇ" ಎಂದಳು. ಅದೇ ಎಡವಟ್ಟು! ಅವಳೂ ಅತಾನ ತಮ್ಮನ ಮೊಮ್ಮಗನ ಹೆಂಡತಿ, ಅವಳ ಬೆರಳಿಗೂ ಆ ಹೆಸರು ಬಾರದು. ನಾವೆಲ್ಲ ಹೇಳುವ ಹೆಸರನ್ನೇ ಕುಟ್ಟಿದಳು. ನಾನು ಕಣ್ಣಾರೆ ಓದಲೂ ಆಗಲಿಲ್ಲ, ಗಾಜಿಗೆ ಅವಳ ಬೆನ್ನು. ಹೋಯಿತು ಎಂದಳು. ನಾನು ಮನೆಗೆ ಬರುವವರೆಗೂ ನೆಲದ ಮೇಲೆ ಕಾಲೂರಲಿಲ್ಲ.

ಈಗ ಕಾಗದದ ವಿಷಯ ನೋಡು. ನೀನು ಸೈನ್ಯದಲ್ಲಿದ್ದಾಗ ನಿನ್ನ ಅಮ್ಮ ಲಕೋಟೆಯ ಮೇಲೆ ಬರೆಯುತ್ತಿದ್ದದ್ದು ಬೊಲಾತ್‌ಖಾನೊವ್ ಎಂದೇ. ನಿನಗೆ ಒಂದಾದರೂ ತಪ್ಪಿತೇ? ಇಲ್ಲ. ಏಕೆಂದರೆ ಅಂಚೆಯ ಸಾರ್ಸೆನ್ ಮಾಮ ಲಕೋಟೆ ವಿಂಗಡಿಸುವಾಗ ಆ ಹೆಸರಿನ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ನಿಜವಾದದ್ದನ್ನು ಬರೆದು ಚೀಲಕ್ಕೆ ಹಾಕುತ್ತಿದ್ದರು. ಅವರು ಗಂಡಸು, ಈ ಮನೆಯವರಲ್ಲ, ಅವರಿಗೆ ಕಟ್ಟಳೆಯಿಲ್ಲ. ಇದನ್ನು ಅವರು ಯಾರಿಗೂ ಹೇಳಿಯೂ ಇರಲಿಲ್ಲ. ನಿನ್ನೆ ನಾವು ಅಳುತ್ತಾ ಕೂತಾಗ, "ಮತ್ತೆ ಇಷ್ಟು ದಿನ ಹೆಂಗೆ ಹೋಗ್ತಿತ್ತು ಅಂದ್ಕೊಂಡ್ರಿ, ರೆಕ್ಕೆ ಬಂದಿತ್ತಾ?" ಎಂದರು. ಕಾಗದಕ್ಕೆ ದಾರಿಯಲ್ಲಿ ಮನುಷ್ಯರು ಸಿಗುತ್ತಾರೆ, ದೌರೆನ್. ನಿನ್ನ ಮಿಂಚಿನ ಅಂಚೆಗೆ ದಾರಿಯಲ್ಲಿ ಒಬ್ಬನಾದರೂ ಸಿಗುತ್ತಾನೆಯೇ, "ಅಮ್ಮಾ, ಇದು ಆ ಮನೆಯದಲ್ಲ" ಎನ್ನಲು?

ನಾನು ಉತ್ತರಕ್ಕೆ ಕಾದೆ. ದಿನವೂ ಅಂಚೆ ಕಚೇರಿಗೆ ಹೋದೆ. ಕುಲ್ಯಾಶ್ ಕಿಟಕಿಯಿಂದ ಇಲ್ಲವೆಂದು ತಲೆಯಾಡಿಸುತ್ತಿದ್ದಳು. ಕೊನೆಗೆ ಹೋದ ಮಂಗಳವಾರ ನಿನ್ನದು ಬಂತು. ನಾನು ಹಾಳೆ ಎದೆಗೊತ್ತಿಕೊಂಡು ಮನೆಯ ಹಿಂದೆ ಸಕ್ಸೌಲ್ ಸೌದೆಯ ರಾಶಿ ಮರೆಗೆ ಹೋಗಿ ಓದಿದೆ. "ರಜೆ ರದ್ದು. ಮೇಲಧಿಕಾರಿ ಯಾಕೋ ಮನೆ ಬಿಟ್ಟು ಕ್ಯಾಂಪಿಗೆ ಬಂದು ಮಲಗ್ತಾನೆ, ಎಲ್ಲರ ಮೇಲೂ ಹಾರಾಡ್ತಾನೆ, ಯಾರಿಗೂ ರಜೆ ಇಲ್ಲ ಅಂತಾನೆ. ಉಳಿದಂತೆ ಓಕೆ. ಮುತ್ತು." ಅಷ್ಟೇ. ಮಗುವಿನ ಬಗ್ಗೆ ಒಂದಕ್ಷರವಿಲ್ಲ! ನಾನು ಆ ಸೌದೆಯ ಮೇಲೆ ಕೂತು ಎಷ್ಟು ಅತ್ತೆ ಎಂದು ಹೇಳುವುದಿಲ್ಲ. ಇವನಿಗೆ ಬೇಡವಾಗಿದೆ ಎಂದುಕೊಂಡೆ. ಅಲ್ಮಾಟಿಯ ಹುಡುಗಿಯನ್ನು ತಂದು ಇಲ್ಲಿ ಬಿಟ್ಟು, ಮಗು ಎಂದ ಕೂಡಲೇ ರಜೆ ರದ್ದು ಎಂದು ನೆಪ ಹೇಳುತ್ತಿದ್ದಾನೆ ಎಂದುಕೊಂಡೆ. ಹೌದು, ಹಾಗೆಯೇ ಅಂದುಕೊಂಡೆ. ನಿನ್ನ ಕೈಬರಹವಿದ್ದರೆ ಅಂದುಕೊಳ್ಳುತ್ತಿದ್ದೆನೇ? ಕೈಬರಹದಲ್ಲಿ ಮನುಷ್ಯ ಸುಳ್ಳು ಹೇಳುತ್ತಿದ್ದಾನೋ ಬರೀ ದಣಿದಿದ್ದಾನೋ ಕಾಣುತ್ತದೆ. ಮುದ್ರಿಸಿದ "ಓಕೆ"ಯಲ್ಲಿ ಏನು ಕಾಣುತ್ತದೆ, ನನ್ನ ತಲೆ!

ಶುಕ್ರವಾರ, ಆ ಮೇಲ್ ಹೊರಟ ಜಾಗ ಹುಡುಕಿಕೊಂಡು, ಅಂಚೆ ಕಚೇರಿಗೆ ಫೋನು ಬಂತು. ಅತೀರಾವ್‌ನಿಂದ. ನಿನ್ನ ಮೇಲಧಿಕಾರಿಯ ಹೆಂಡತಿ, ಕಮ್ಶಾತ್ ಅಕ್ಕ ಎಂದು ಹೆಸರು. ನಿನ್ನ ಮೇಲಧಿಕಾರಿಯ ಹೆಸರು ದುಯಿಸೆನ್ ಬೊಲಾತ್‌ಖಾನೊವ್ ಎಂದು ನನಗೆ ನೀನು ಒಮ್ಮೆಯಾದರೂ ಹೇಳಿದ್ದೀಯಾ? ಯಾವಾಗಲೂ "ನಮ್ಮ ಕರಡಿ" ಎನ್ನುತ್ತಿದ್ದೆ! ಅವನೂ ಡಿ, ನೀನೂ ಡಿ. ಕರಡಿಗೆ ಯಂತ್ರ ತೆರೆಯಲು ಬಾರದಂತೆ. ಅದೇ ಕಚೇರಿಯಲ್ಲಿ ಟೈಪಿಸ್ಟ್ ಆಗಿರುವ ಹೆಂಡತಿಯೇ ದಿನವೂ ಅವನ ಮೇಲ್ ತೆರೆದು, ಮುದ್ರಿಸಿ ಮೇಜಿನ ಮೇಲಿಡುತ್ತಾಳಂತೆ. ಆಕೆಗೆ ಇಂಗ್ಲಿಷ್ ನನಗಿಂತ ಚೆನ್ನಾಗಿ ಬರುತ್ತದೆ. ಈಗ ಊಹಿಸಿಕೋ, ಒಂದು ಬೆಳಿಗ್ಗೆ ಆಕೆ ಚಹಾ ಪಕ್ಕಕ್ಕಿಟ್ಟು ಓದುತ್ತಾಳೆ: ನನ್ನ ಜೀವವೇ, ನಿನ್ನ ಮಗು ನನ್ನ ಹೊಟ್ಟೆಯಲ್ಲಿದೆ. ಗಂಡನ ಹಾಸಿಗೆ ಸುತ್ತಿ ಅಂಗಳಕ್ಕೆಸೆದಿದ್ದಾಳೆ. ಅದಕ್ಕೇ ನಿನ್ನ ಕರಡಿ ಕ್ಯಾಂಪಿನಲ್ಲಿ ಮಲಗುತ್ತಿರುವುದು. ಅದಕ್ಕೇ ನಿಮಗೆ ರಜೆಯಿಲ್ಲದಿರುವುದು. ನಾನು ನಿನ್ನನ್ನು ಕರೆದ ಪತ್ರವೇ ನಿನ್ನನ್ನು ಅಲ್ಲಿ ಕಟ್ಟಿಹಾಕಿತು!

ನನ್ನನ್ನು ಅಂಚೆ ಕಚೇರಿಗೆ ಕರೆಸಿದರು. ನಿನ್ನ ಅಮ್ಮ ಹಿಟ್ಟಿನ ಕೈಯಲ್ಲೇ ಹಿಂದೆ ಓಡಿ ಬಂದರು. ಅತಾ ಬೆಂಚಿನ ಮೇಲೆ. ಕುಲ್ಯಾಶ್ ರಿಸೀವರನ್ನು ಕಿವಿಯಿಂದ ಮೊಳ ದೂರ ಹಿಡಿದಿದ್ದಳು, ಅಷ್ಟು ದೊಡ್ಡ ದನಿ, ಕಚೇರಿಯಲ್ಲಿದ್ದವರಿಗೆಲ್ಲ ಕೇಳುತ್ತಿತ್ತು. "ಯಾವಳೇ ಆ ಒಂಟೆಮರಿ? ಮರಿ ಹೊತ್ಕೊಂಡಿರೋ ಒಂಟೆಮರಿ! ಫೋನಿಗೆ ಬರಲಿ!" ಹೀಗೆ ನಮ್ಮೂರಿಗೆ ಸುದ್ದಿ ತಿಳಿಯಿತು. ನಿನ್ನ ಅಮ್ಮ ಹಿಟ್ಟಿನ ಕೈಯನ್ನು ಬಾಯಿಗಿಟ್ಟುಕೊಂಡರು, ಮುಖವೆಲ್ಲ ಬಿಳಿ. ನಾನು ರಿಸೀವರ್ ತೆಗೆದುಕೊಂಡು, "ಅಕ್ಕಾ, ಅದು ನಾನು ನನ್ನ ಗಂಡನಿಗೆ ಬರೆದದ್ದು, ಅವರು ನಿಮ್ಮವರ ಕೈಕೆಳಗೇ ಕೆಲಸ ಮಾಡೋದು, ವಿಳಾಸ ತಪ್ಪಿತು" ಎಂದೆ.

"ಹೌದಾ? ನಿನ್ನ ಗಂಡನ ಹೆಸರು ಹೇಳು."

"ದೌರೆನ್."

"ಅಲ್ಲಿ ನಾಲ್ಕು ಜನ ದೌರೆನ್ ಇದ್ದಾರೆ. ಪೂರ್ತಿ ಹೆಸರು ಹೇಳು."

ದೌರೆನ್, ನಾನು ಬಾಯಿ ತೆರೆದೆ. ಅತಾ ನನ್ನನ್ನೇ ನೋಡುತ್ತಿದ್ದರು, ಊರುಗೋಲಿನ ಮೇಲೆ ಎರಡೂ ಕೈಯಿಟ್ಟುಕೊಂಡು, ಏನೋ ಕೆಟ್ಟದ್ದಾಗಿದೆ ಎಂದು ಗೊತ್ತಾದವರ ಹಾಗೆ. ರಿಸೀವರನ್ನು ನಿನ್ನ ಅಮ್ಮನ ಕಡೆ ಚಾಚಿದೆ. ಅವರು ಹಾವು ಕಂಡಂತೆ ಹಿಂದೆ ಸರಿದರು. ಕುಲ್ಯಾಶ್ ಕಡೆ ಚಾಚಿದೆ. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಒಂದು ಫೋನಿನ ಸುತ್ತ ಮೂರು ಜನ ಸೊಸೆಯರು, ಒಬ್ಬಳಿಗೂ ಹೇಳಲಾಗದು! ಸಾರ್ಸೆನ್ ಮಾಮ ರೈಲಿಗೆ ಚೀಲ ಹಾಕಲು ಹೋಗಿದ್ದರು. ನಾನು, "ಅಕ್ಕಾ, ಅದು ಅಜ್ಜನ ಹೆಸರು, ಅವರು ಇಲ್ಲೇ ಕೂತಿದ್ದಾರೆ, ನಾನು ಹೇಳೋ ಹಾಗಿಲ್ಲ, ನೀವೂ ಒಂದು ಮನೆಯ ಸೊಸೆಯಲ್ವಾ" ಎಂದೆ. ಆಕೆ ನಕ್ಕಳು. ಎಂಥ ನಗು ಎಂದರೆ ನನಗೆ ಈಗಲೂ ಮೈ ಉರಿಯುತ್ತದೆ. "ಗಂಡಸರಿಗೆ ಇಂಗ್ಲಿಷಲ್ಲಿ ನನ್ನ ಜೀವ, ನನ್ನ ಜೀವ ಅಂತ ಕಳಿಸೋಳಿಗೆ ಹೆಸರು ಹೇಳೋಕೆ ನಾಚಿಕೆಯಂತೆ! ಕೇಳಿದ್ರಾ, ಬಾಯಿ ಕಟ್ಟಿಹೋಯ್ತು!" ಫೋನು ಇಟ್ಟುಬಿಟ್ಟಳು.

ಸಾರ್ಸೆನ್ ಮಾಮ ಬಂದ ಮೇಲೆ ಅವರ ಕೈಲಿ ಮತ್ತೆ ಫೋನು ಮಾಡಿಸಿದೆವು. ಪೂರ್ತಿ ಹೆಸರು ಹೇಳಿದರು. ಆಕೆ, "ಈಗ ಯಾವನೋ ಗಂಡಸಿನ ಕೈಲಿ ಹೇಳಿಸ್ತಿದ್ದೀರಾ? ಯೋಚನೆ ಮಾಡೋಕೆ ಅರ್ಧ ಗಂಟೆ ಬೇಕಾಯ್ತಾ?" ಎಂದು ಇಟ್ಟಳು. ಆಮೇಲೆ ಮಾಮ ತಮ್ಮ ಬೆರಳಿನಿಂದಲೇ ನಿನ್ನ ಸರಿಯಾದ ಹೆಸರು ಕುಟ್ಟಿ, ಆಕೆಗೆ ಕ್ಷಮೆ ಕೇಳಿ ಮೇಲ್ ಕಳಿಸಿದರು. ಅದಕ್ಕೆ ಆಕೆಯಿಂದ ಬಂದ ಉತ್ತರ ನನ್ನ ಮುಂದೆ ಇದೆ: "ಈ ಯಂತ್ರದೊಳಗೆ ಯಾರು ಬೇಕಾದರೂ ಇನ್ಯಾರೋ ಆಗಬಹುದು. ನಿಮ್ಮದು ಮುಖವಿಲ್ಲದ ಕಾಗದ. ನಾನು ಯಾಕೆ ನಂಬಲಿ?" ಸಿಟ್ಟು ಬಂದರೂ, ದೌರೆನ್, ಆಕೆ ಹೇಳಿದ್ದರಲ್ಲಿ ತಪ್ಪೇನಿದೆ? ನಾನೇ ನಿನ್ನ ಒಂದು ಸಾಲನ್ನು ನಂಬದೆ ಸೌದೆ ರಾಶಿಯ ಮೇಲೆ ಕೂತು ಅತ್ತವಳಲ್ಲವೇ?

ಮನೆಯ ಸಮಾಚಾರ ಕೇಳು. ನಿನ್ನ ಅಮ್ಮ ಮೊದಲು ನನ್ನನ್ನು ಬೈದರು, ಆಮೇಲೆ ತಬ್ಬಿಕೊಂಡರು, ಆಮೇಲೆ ಮತ್ತೆ ಬೈದರು. "ನನಗೊಂದು ಮಾತು ಹೇಳಬಾರದಿತ್ತೇನೇ, ಅತೀರಾವಿನ ಹೆಂಗಸಿನ ಬಾಯಿಂದ ನಾನು ಮೊಮ್ಮಗು ಸುದ್ದಿ ಕೇಳೋ ಹಾಗಾಯ್ತು!" ಎನ್ನುತ್ತಾ ನನ್ನ ತಟ್ಟೆಗೆ ಕೆನೆ ಸುರಿಯುತ್ತಾರೆ. ಸಾರ್ಸೆನ್ ಮಾಮನಿಗೆ ಬೇರೆಯೇ ದುಃಖ. ಶುಭಸುದ್ದಿ ತಂದವರಿಗೆ ಸುಯಿನ್ಶಿ ಕೊಡಬೇಕಲ್ಲ, ಈ ಊರಿನ ಎಷ್ಟು ಹುಟ್ಟು, ಎಷ್ಟು ಮದುವೆಯ ಸುದ್ದಿಯನ್ನು ಬಾಗಿಲಿಗೆ ತಂದು, "ಸುಯಿನ್ಶಿ!" ಎಂದು ಕೂಗಿ ಶಾಲು, ಟೊಪ್ಪಿ, ಕುರಿಯ ತೊಡೆ ಪಡೆದಿದ್ದಾರೋ. "ಈ ಡಬ್ಬ ಬಂದ ಮೇಲೆ ಸುದ್ದಿ ಎಲ್ಲಾ ಅನಾಥ ಆಗೋಯ್ತು. ತರೋನೂ ಇಲ್ಲ, ಕೊಡೋನೂ ಇಲ್ಲ" ಎಂದರು. ನಾನು ನನ್ನ ಹಸಿರು ಶಾಲನ್ನೇ ಅವರ ಹೆಗಲಿಗೆ ಹಾಕಿದೆ. ಕುಲ್ಯಾಶ್ ಎರಡು ದಿನದಿಂದ ಕಿಟಕಿಯಿಂದ ಕೂಗಿಲ್ಲ. ಅವಳ ಮೇಲೆ ನನಗೆ ಸಿಟ್ಟಿಲ್ಲ, ಅವಳು ಮಾಡಿದ್ದನ್ನೇ ನಾನೂ ಮಾಡುತ್ತಿದ್ದೆ. ಅತಾ ನನ್ನ ತಲೆ ಮೇಲೆ ಕೈಯಿಟ್ಟು ಹರಸಿದರು, ಆಮೇಲೆ ಪತ್ರಿಕೆ ತೆಗೆದು ಮುಖಕ್ಕೆ ಹಿಡಿದುಕೊಂಡು ಕೂತರು. ಹಾಳೆ ತಿರುಗಿಸಲೇ ಇಲ್ಲ.

ನನಗೆ ನಿದ್ದೆ ಬರುತ್ತಿಲ್ಲ. ನನ್ನ ಹೊಟ್ಟೆಯಲ್ಲಿ ಸಂತೋಷ ಬೆಳೆಯುತ್ತಿದೆ, ಅದೇ ಸಂತೋಷದ ದೆಸೆಯಿಂದ ಎಲ್ಲೋ ಒಬ್ಬ ಹೆಂಗಸು ತನ್ನ ಅಡುಗೆಮನೆಯಲ್ಲಿ ಒಬ್ಬಳೇ ಕೂತಿದ್ದಾಳೆ. ಅವಳು ನನ್ನನ್ನು ಬೈದದ್ದು ನಿಜ, ಆದರೆ ನಿನ್ನ ಮೇಜಿನ ಮೇಲೆ ಅಂಥದ್ದೊಂದು ಬಂದಿದ್ದರೆ ನಾನು ಹಾಸಿಗೆಯನ್ನಲ್ಲ, ನಿನ್ನನ್ನೇ ಅಂಗಳಕ್ಕೆಸೆಯುತ್ತಿದ್ದೆ. ಏನೂ ಮಾಡದ ಆ ಮನುಷ್ಯ, ಮೊಮ್ಮಕ್ಕಳಿರುವವನು, ನಿಮ್ಮ ಕ್ಯಾಂಪಿನ ಕಬ್ಬಿಣದ ಮಂಚದ ಮೇಲೆ ಮಲಗುತ್ತಿದ್ದಾನೆ. ಅಯ್ಯೋ! ನೋಡು, ಬರೆಯುತ್ತಾ ಬರೆಯುತ್ತಾ ಆ ಮಂಚ ಯಾವುದರದ್ದೆಂದು ಬರೆದೇಬಿಟ್ಟೆ, ನಿನ್ನ ಅಮ್ಮ ನೋಡಿದರೆ ನನ್ನ ಕಿವಿ ಹಿಂಡುತ್ತಾರೆ. ಹೊಡೆದುಹಾಕುವುದಿಲ್ಲ, ಇರಲಿ. ಅವರ ಮನೆ ನನ್ನ ಮಾತಿನಿಂದ ಒಡೆಯಿತು, ನಾನೇ ಕೂಡಿಸಬೇಕು. ಈ ಪತ್ರ ಕೈಸೇರಿದ ತಕ್ಷಣ ನಿನ್ನ ಕರಡಿಯ ಎದುರು ಕೂತು ಓದಿ ಹೇಳು, ಮುತ್ತಿನ ಭಾಗ ಬಿಟ್ಟು. ಕಮ್ಶಾತ್ ಅಕ್ಕನಿಗೂ ಒಂದು ಕಾಗದ ಕೈಯಿಂದಲೇ ಬರೆಯುತ್ತಿದ್ದೇನೆ, ನಮ್ಮ ಮದುವೆಯ ಫೋಟೊ ಇಟ್ಟು. ಮೂರು ಸಲ ಶುರು ಮಾಡಿ ಹರಿದೆ. ನೀನು ಯಾರು ಎಂದು ಹೇಳುವ ಜಾಗ ಬಂದಾಗ ಮತ್ತೆ ಅಲ್ಲೇ ನಿಲ್ಲುತ್ತದೆ ಪೆನ್ನು.

ಇನ್ನು ಮುಂದೆ ನನಗೆ ಇ-ಮೇಲ್ ಮಾಡಬೇಡ. ಕುಲ್ಯಾಶ್ ಈಗ ನಿನ್ನ ಮಂಗಳವಾರದ ಸಾಲಿಗೆ ಉತ್ತರದ ಗುಂಡಿ ಒತ್ತಬಹುದು, ಒಂದು ಕ್ಷಣದಲ್ಲಿ ನಿನಗೆ ಎಲ್ಲ ತಿಳಿಯುತ್ತದೆ. ನಾನೇ ಬೇಡವೆಂದೆ. ನನ್ನ ಮಗುವಿನ ಸುದ್ದಿ ಅದರ ಅಪ್ಪನಿಗೆ ಪಾರ್ಸೆಲ್ ರಸೀದಿ ಹಿಂಬದಿಯಲ್ಲಿ ತಿಳಿಯಬಾರದು. ತಡವಾಗಲಿ. ಈ ಲಕೋಟೆಯನ್ನು ಸಂಜೆ ರೈಲಿನ ಅಂಚೆ ಬೋಗಿಗೆ ಸಾರ್ಸೆನ್ ಮಾಮ ತಮ್ಮ ಕೈಯಾರೆ ಕೊಡುತ್ತಾರೆ. ನೀನು ಇದನ್ನು ಒಡೆದು, ನನ್ನ ವಕ್ರ ಅಕ್ಷರ ನೋಡಿ, ಎಲ್ಲೆಲ್ಲಿ ಸಿಟ್ಟಿನಿಂದ ಪೆನ್ನು ಒತ್ತಿದ್ದೇನೆಂದು ಬೆರಳಿನಿಂದ ಮುಟ್ಟಿ ನೋಡು. ಎಲ್ಲೆಲ್ಲಿ ಅಕ್ಷರ ನೆಟ್ಟಗಿದೆಯೋ ಅಲ್ಲಿ ನಿನ್ನನ್ನು ನೆನೆದು ನಕ್ಕಿದ್ದೇನೆ. ಅಂಥ ಜಾಗ ಕಡಿಮೆ, ಆದರೂ ಇದೆ.

ನಿನ್ನ ಅಮ್ಮನ ಆಶೀರ್ವಾದ, ಅಕ್ಕಪಕ್ಕದವರೆಲ್ಲರ ನಮಸ್ಕಾರ, ಸಾರ್ಸೆನ್ ಮಾಮನ ಅಭಿನಂದನೆ. ನನ್ನದು ಸಿಟ್ಟು, ಮತ್ತು ಆ ಸಿಟ್ಟಿನ ಅಡಿಯಲ್ಲಿ ನಿನಗೆ ಗೊತ್ತಿರುವುದೆಲ್ಲ.

ನಿನ್ನವಳೇ ಆದ,
ಮೊಲ್ದಿರ್

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಅತಾ ಒಳಗೆ ಬಂದರು. ಹಬ್ಬದ ಕೋಟು ಹಾಕಿಕೊಂಡಿದ್ದಾರೆ, ಎದೆಯ ಮೇಲೆ ಪದಕಗಳು. ಕಮ್ಶಾತ್ ಅಕ್ಕನಿಗೆ ನಾನು ಬರೆಯುತ್ತಿದ್ದ ಕಾಗದವನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡು ಮಡಚಿ ಪಕ್ಕಕ್ಕಿಟ್ಟರು. "ನನ್ನ ಹೆಸರಿನ ದೆಸೆಯಿಂದ ಒಬ್ಬ ಮನುಷ್ಯ ಮನೆಯಾಚೆ ಮಲಗ್ತಾ ಇದ್ದಾನೆ. ಸೊಸೇರು ಯಾಕೆ ಕಷ್ಟಪಡಬೇಕು? ಕಾಗದಾನೂ ಬೇಡ, ಆ ಡಬ್ಬಾನೂ ಬೇಡ. ಆ ಹೆಣ್ಣುಮಗಳ ಬಾಗಿಲಿಗೆ ಹೋಗಿ ನನ್ನ ಹೆಸರು ನಾನೇ ಹೇಳ್ತೀನಿ" ಎಂದರು. ನಿನ್ನ ಅಮ್ಮ ಆಗಲೇ ಬುತ್ತಿಗೆ ಹಿಟ್ಟು ಕಲಸುತ್ತಿದ್ದಾರೆ. ಸಾರ್ಸೆನ್ ಮಾಮ ಟಿಕೆಟ್ ತಂದಾಯಿತು, ಅತಾಗೂ ನನಗೂ. ನಿನ್ನ ಕರಡಿಗೆ ಗಡ್ಡ ಬೋಳಿಸಿಕೊಂಡು ಒಳ್ಳೆಯ ಅಂಗಿ ಹಾಕಿಕೊಳ್ಳಲು ಹೇಳು, ಇಬ್ಬರೂ ನಿಲ್ದಾಣಕ್ಕೆ ಬನ್ನಿ. ನಾವು ಬರುತ್ತಿರುವುದು ಶುಕ್ರವಾರ ಬೆಳಿಗ್ಗೆ, ಅಲ್ಮಾಟಿ–ಅತೀರಾವ್ ರೈಲಿನಲ್ಲಿ.